ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಹೊತ್ತು? ಕೊನೆಗೂ ಲೆಕ್ಕ ಕೂತಿತು

ವಿಮಾನ ಎಷ್ಟು ಗಂಟೆ ಹಾರುತ್ತದೆ ಎಂದು ತಿಳಿಯಬೇಕೇ? ಕಿ.ಮೀ. ದೂರವನ್ನು 900ರಿಂದ ಭಾಗಿಸು, ಅರ್ಧ ಗಂಟೆ ಸೇರಿಸು. ನಮ್ಮ ಟಿಕೆಟ್ ಏಜೆಂಟರಲ್ಲಿ ಹಳಬರು ಇಂದಿಗೂ ಹೇಳುವುದು ಇದನ್ನೇ. ಹೋಗುವುದಕ್ಕೊಂದು, ಬರುವುದಕ್ಕೊಂದು ಲೆಕ್ಕ ಇಡುತ್ತೇನೆ ಎಂದಾಗ ನಕ್ಕವರೂ ಅವರೇ. ಈಗ ಎರಡು ಬೇರೆ ಬೇರೆ ಟಿಕೆಟ್ ಹಿಡಿದು ಬಂದ ಗಿರಾಕಿ 'ಇದರಿಂದ ಇಳಿದು ಮುಂದಿನ ಫ್ಲೈಟ್ ಹಿಡಿಯೋಕಾಗುತ್ತಾ ಸಾರ್' ಎಂದರೆ ಅವರೇ ನನಗೆ ಫೋನ್ ಮಾಡುತ್ತಾರೆ.

ಮೊದಲು ದುಡ್ಡು ಸುರಿದದ್ದು ದೂರಕ್ಕೆ. ಒಂದು ಸಾಫ್ಟ್‌ವೇರಿಗೆ ವರ್ಷಕ್ಕೆ ಹದಿನೆಂಟು ಸಾವಿರದಷ್ಟು ಚಂದಾ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ 13,990 ಕಿ.ಮೀ. ಎಂದಿತು. ಮಗಳ 30 ಸೆಂ.ಮೀ. ಗ್ಲೋಬಿನ ಮೇಲೆ ಹೊಲಿಗೆ ದಾರ ಬಿಗಿದು ನೋಡಿದೆ: 33 ಸೆಂ.ಮೀ. ಆ ಗ್ಲೋಬಿನಲ್ಲಿ ಸೆಂಟಿಮೀಟರಿಗೆ 425 ಕಿ.ಮೀ., ಅಂದರೆ 14,000. ಚಂದಾ ನಿಲ್ಲಿಸಿದೆ. ದಾರ ಇನ್ನೊಂದನ್ನೂ ತೋರಿಸಿತು: ದಾರಿ ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಏರುತ್ತದೆ.

ತೊಡಕು ಇದ್ದದ್ದು ಗಾಳಿಯಲ್ಲಿ. ವಿಮಾನ ಹಾರುವ ಎತ್ತರದ ಜೋರು ಗಾಳಿ, ಜೆಟ್ ಸ್ಟ್ರೀಮ್, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಜೋರು. ಹಾಗಾಗಿ ಪೂರ್ವಕ್ಕೆ ಗಂಟೆಗೆ 950, ಪಶ್ಚಿಮಕ್ಕೆ 800 ಹಿಡಿದೆ. ವಿಮಾನ ಸೀದಾ ಗೆರೆಯಲ್ಲಿ ಹೋಗುವುದಿಲ್ಲವಲ್ಲ, ದೂರಕ್ಕೆ ನೂರಕ್ಕೆ ಮೂರ್ನಾಲ್ಕು ಕೂಡಿಸಿದೆ. ವಿಮಾನ ನೆಲದ ಮೇಲೆ ಓಡುವುದು, ಏರುವುದು, ಇಳಿಯುವುದಕ್ಕೆ ನಲವತ್ತು ನಿಮಿಷ. ಲಂಡನ್–ನ್ಯೂಯಾರ್ಕ್‌ಗೆ ಹೋಗುತ್ತಾ ಸುಮಾರು ಎಂಟು ಗಂಟೆ, ಬರುತ್ತಾ ಏಳರ ಹತ್ತಿರ ಬಂತು. ಪರ್ತ್–ಸಿಡ್ನಿಯೂ ಸರಿಹೋಯಿತು. ನಮ್ಮ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನಕ್ಕೆ ಬಂದಾಗ ಹೋಗುವುದು ಹದಿನಾರು ಗಂಟೆ, ಸರಿ. ಬರುವುದು ಮಾತ್ರ ಹತ್ತೊಂಬತ್ತರ ಹತ್ತಿರ! ನಿಜಕ್ಕೆ ಆಗುತ್ತಿದ್ದದ್ದು ಹದಿನೇಳು, ಹದಿನೇಳೂವರೆ. ಈ ಒಂದೂವರೆ ಗಂಟೆಗೆ ಎರಡು ತಿಂಗಳು ಹೋದವು.

ಉತ್ತರ ಆ ದಾರದಲ್ಲೇ ಇತ್ತು. ಜೋರು ಗಾಳಿ ಇರುವುದು ಮಧ್ಯದ ಅಕ್ಷಾಂಶಗಳಲ್ಲಿ. ಧ್ರುವದ ಕಡೆಯಿಂದ ಬರುವ ವಿಮಾನಕ್ಕೆ ದಾರಿಯ ದೊಡ್ಡ ಭಾಗದಲ್ಲಿ ಎದುರುಗಾಳಿಯೇ ಕಮ್ಮಿ. ದಾರಿಯನ್ನು ಅಕ್ಷಾಂಶದ ಪ್ರಕಾರ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ವೇಗ ಕೊಟ್ಟೆ. ಸರಾಸರಿ 870ರ ಹತ್ತಿರ ಬಂತು, ಲೆಕ್ಕ ಕೂತಿತು. ಯಾವ ತಿಂಗಳಿಗೆ ಯಾವ ತುಂಡಿಗೆ ಎಷ್ಟು ಎಂಬ ಪಟ್ಟಿ ನನ್ನ ಹತ್ತಿರವೇ ಇರಲಿ, ಅದರಲ್ಲೇ ಹೊಟ್ಟೆಪಾಡು.

ದೂರ ಹೆಚ್ಚಾದರೆ ಹೊತ್ತೂ ಹೆಚ್ಚು ಎಂದು ವಾದಿಸುವವರಿಗೆ ಒಂದು ಮಾತು. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿತು. ದಾರಿ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದವಾಯಿತು, ಆದರೆ ಹಿಂದಿನಿಂದ ಗಾಳಿ ಸಿಕ್ಕಿ ಹೊತ್ತು ಎರಡು ಗಂಟೆಯಷ್ಟು ಉಳಿಯಿತು.

ನನ್ನ ಲೆಕ್ಕ ಸೋಲುವುದು ವಾಯುಪ್ರದೇಶ ಮುಚ್ಚಿದಾಗ. 2022ರಲ್ಲಿ ರಷ್ಯಾದ ಆಕಾಶ ಸಿಗದೆ ಹೆಲ್ಸಿಂಕಿ–ಟೋಕಿಯೊ ಒಂಬತ್ತೂವರೆ ಗಂಟೆಯಿಂದ ಹದಿಮೂರಕ್ಕೆ ಏರಿತು. ಅಂಥದ್ದಕ್ಕೆ ಈಗ ಗ್ಲೋಬಿನ ಮೇಲೆ ಗುಂಡುಸೂಜಿ ಚುಚ್ಚಿ, ಅದರ ಸುತ್ತ ಹಾಯಿಸಿ ದಾರ ಎಳೆದು ಅಳೆಯುತ್ತಿದ್ದೇನೆ. ಮಗಳಿಗೆ ಹೊಸ ಗ್ಲೋಬು ತಂದದ್ದಾಯಿತು.