ಎರಡನೆಯ ಗುಂಡಿನವರೆಗೆ: ಒಂದು ನಿಮಿಷದ ಟೀಸರ್ ತೆಗೆದ ನಮ್ಮ ಅನುಭವ

ಪದವಿ ತರಗತಿಯ ಮಾಧ್ಯಮ ವಿಷಯದ ಪ್ರಾಯೋಗಿಕ ಕೆಲಸಕ್ಕಾಗಿ ಕಳೆದ ಮಳೆಗಾಲದಲ್ಲಿ ನಮ್ಮ ನಾಲ್ವರ ತಂಡಕ್ಕೆ ಸಿಕ್ಕಿದ್ದು ಒಂದೇ ಸಾಲಿನ ಸೂಚನೆ. ಇನ್ನೂ ತಯಾರಾಗದ ಒಂದು ಭಯಾನಕ ಚಿತ್ರಕ್ಕೆ 60 ಸೆಕೆಂಡು ಮೀರದ ಟೀಸರ್ ಮಾಡಿ ಮೂರು ವಾರಗಳಲ್ಲಿ ಒಪ್ಪಿಸಬೇಕು. ಕಾಲೇಜಿನಿಂದ ದೊರೆತದ್ದು ಒಂದು ಟ್ರೈಪಾಡ್ ಮಾತ್ರ. ಉಳಿದಂತೆ ನಮ್ಮ ಬಳಿ ಎರಡು ಮೊಬೈಲ್ ಫೋನುಗಳು, ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಸಂಕಲನ ತಂತ್ರಾಂಶವಿದ್ದ ಒಂದು ಲ್ಯಾಪ್‌ಟಾಪ್ ಮತ್ತು ಜುಲೈ ತಿಂಗಳ ಕೊಡಗಿನ ಮಳೆ ಇದ್ದವು. ಧ್ವನಿ ಮತ್ತು ಸಂಕಲನ ನನ್ನ ಪಾಲಿಗೆ ಬಂದವು.

ಮೊದಲ ವಾರವನ್ನು ನಾವು ಕಥೆ ಬರೆಯುವುದರಲ್ಲೇ ಕಳೆದುಬಿಟ್ಟೆವು. ಟ್ರೇಲರ್ ಎರಡು ಎರಡೂವರೆ ನಿಮಿಷ ಓಡುತ್ತದೆ. ಅದರಲ್ಲಿ ಪಾತ್ರಗಳ ಪರಿಚಯ ಮಾಡಿಸಿ, ಕಥೆಯ ಜಾಡನ್ನು ಸ್ವಲ್ಪಮಟ್ಟಿಗೆ ತೋರಿಸಲು ಜಾಗವಿರುತ್ತದೆ. ಟೀಸರಿಗೆ ಆ ಜಾಗವಿಲ್ಲ. ಅದು ಒಂದೇ ಒಂದು ಅನುಮಾನವನ್ನು ನೋಡುಗನ ಕೈಗಿಟ್ಟು ಬಾಗಿಲು ಹಾಕಿಕೊಳ್ಳಬೇಕು. ಇದನ್ನು ತರಗತಿಯಲ್ಲಿ ಬರೆದುಕೊಂಡಿದ್ದರೂ ನಮ್ಮ ಮೊದಲ ಕರಡಿನಲ್ಲಿ ಶಾಪ, ಹಳೆಯ ಪೆಟ್ಟಿಗೆ, ಕಾಣೆಯಾದ ತೋಟದ ಮೇಸ್ತ್ರಿ, ಕನ್ನಡಿಯಲ್ಲಿ ಕಾಣುವ ಮುಖ ಎಲ್ಲವೂ ಇದ್ದವು, ಅನುಮಾನವೊಂದೇ ಇರಲಿಲ್ಲ.

ಸ್ಥಳದ ವಿಚಾರದಲ್ಲಿ ಎರಡು ಸಲಹೆಗಳನ್ನು ನಾವೇ ಕೈಬಿಟ್ಟೆವು. 2018ರ ಆಗಸ್ಟ್ ತಿಂಗಳ ಭೂಕುಸಿತದ ನಂತರ ಜನ ಬಿಟ್ಟುಹೋದ ಮನೆಯೊಂದರಲ್ಲಿ ಚಿತ್ರೀಕರಣ ಮಾಡಬಹುದೆಂದು ತಂಡದ ಒಬ್ಬ ಹೇಳಿದ. ನೋಡಲು ಅದಕ್ಕಿಂತ ತಕ್ಕ ಜಾಗ ಸಿಗುವುದಿಲ್ಲವೆಂಬುದು ನಿಜ. ಆದರೆ ಮಕ್ಕಂದೂರು, ಜೋಡುಪಾಲದ ಕಡೆಯಿಂದ ಬರುವ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲೇ ಇರುವಾಗ, ಯಾರದೋ ಅಡುಗೆಮನೆಯ ಬಿರುಕನ್ನು ದೆವ್ವದ ಮನೆಯ ಅಲಂಕಾರವಾಗಿ ತೋರಿಸಲು ನನಗೆ ಮನಸ್ಸಾಗಲಿಲ್ಲ. ದೈವದ ಕಟ್ಟೆಯನ್ನಾಗಲಿ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕೈಮಡವನ್ನಾಗಲಿ (ಹಿರಿಯರ ಗುಡಿಯನ್ನಾಗಲಿ) ಹೆದರಿಸುವ ವಸ್ತುವಾಗಿ ಬಳಸಬಾರದೆಂದೂ ಅದೇ ದಿನ ತೀರ್ಮಾನಿಸಿದೆವು. ಅವು ಜನರನ್ನು ಕಾಪಾಡುವ ಜಾಗಗಳು. ಅವುಗಳನ್ನು ನೋಡಿ ಇಲ್ಲಿನವರು ಹೆದರುವುದಿಲ್ಲ, ಬೇಸರಪಟ್ಟುಕೊಳ್ಳುತ್ತಾರೆ.

ಕೊನೆಗೆ ವಿರಾಜಪೇಟೆಯ ಕಡೆ ಇರುವ ಗೆಳತಿಯ ಮನೆಗೆ ಹೋದೆವು. ಹಂಚಿನ ಮನೆ, ಸುತ್ತ ರೋಬಸ್ಟಾ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸಿನ ಬಳ್ಳಿ. ಆ ಸಂಜೆ ಗೆಳತಿಯ ಅಜ್ಜಿ ಒಲೆಯ ಪಕ್ಕದಲ್ಲಿ ಕುಳಿತು ಕಳಲೆ, ಅಂದರೆ ಎಳೆ ಬಿದಿರು, ಹೆಚ್ಚುತ್ತಿದ್ದರು. (ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಅಜ್ಜಿಯನ್ನು ತಾಯಿ ಎಂದು ಕರೆಯುವುದರಿಂದ, ಮೊದಲ ಅರ್ಧ ಗಂಟೆ ನಮ್ಮ ಸೋಮವಾರಪೇಟೆಯ ಹುಡುಗ ಅವರನ್ನು ಗೆಳತಿಯ ತಾಯಿಯೆಂದೇ ತಿಳಿದುಕೊಂಡಿದ್ದ.) ನೀವು ಚಿಕ್ಕವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ ಎಂದು ಕೇಳಿದೆ. ದೆವ್ವದ ಕಥೆಯೊಂದು ಬರುತ್ತದೆಂದು ನಾನು ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿಟ್ಟಿದ್ದೆ. ಅವರು ಹೇಳಿದ್ದು ಕೋವಿಯ ಮಾತು.

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು, ಸಾವಾದರೆ ಎರಡು ಗುಂಡು ಹಾರಿಸುವುದು ಹಳೆಯ ಪದ್ಧತಿ. ಮನೆಗಳು ಒಂದಕ್ಕೊಂದು ದೂರ, ನಡುವೆ ತೋಟ, ಗದ್ದೆ, ಬೆಟ್ಟ. ಸುದ್ದಿ ಮುಟ್ಟಿಸಲು ಅದೇ ದಾರಿಯಾಗಿತ್ತು. ಅಜ್ಜಿ ಕತ್ತಿಯನ್ನು ಹಲಗೆಯ ಮೇಲಿಟ್ಟು ಹೀಗೆಂದರು: “ಮೊದಲನೆಯದು ಕೇಳಿದರೆ ಎಲ್ಲೋ ಗಂಡು ಹುಟ್ಟಿತು ಎಂದುಕೊಳ್ಳುತ್ತೇವೆ. ಆದರೂ ಕೈ ನಿಂತುಬಿಡುತ್ತದೆ. ಆಗೆಲ್ಲ ಒಂಟಿನಳಿಗೆಯ ಕೋವಿ, ಇನ್ನೊಂದು ತುಂಬಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಇನ್ನೊಂದು ಕೇಳದಿರಲಿ ಎಂದು ಕಾಯುತ್ತಾ ಕೂರುವುದು.”

ನಾವು ಒಂದು ವಾರ ಹುಡುಕಿದ್ದ ಅನುಮಾನ ಅದಾಗಿತ್ತು. ಅಂದೇ ರಾತ್ರಿ ಹಳೆಯ ಕರಡನ್ನು ಬದಿಗಿಟ್ಟು ಹೊಸದನ್ನು ಬರೆದೆವು. ಮಳೆಯಲ್ಲಿ ನೆನೆದ ಮೊಮ್ಮಗಳು ತೋಟದ ದಾರಿಯಲ್ಲಿ ಮನೆಗೆ ಬಂದು ಒಲೆಯ ಎದುರು ಕೂರುತ್ತಾಳೆ, ಅಜ್ಜಿ ಕಳಲೆ ಹೆಚ್ಚುತ್ತಿದ್ದಾರೆ, ದೂರದಲ್ಲಿ ಒಂದು ಗುಂಡು, ಕತ್ತಿ ನಿಲ್ಲುತ್ತದೆ, ಇಬ್ಬರೂ ಕಿವಿಗೊಡುತ್ತಾರೆ, ಎರಡನೆಯ ಗುಂಡು, ಅಜ್ಜಿ ತಿರುಗಿ ನೋಡಿದರೆ ಮೊಮ್ಮಗಳು ಇಲ್ಲ, ಅವಳು ಕುಳಿತಿದ್ದ ನೆಲದ ಮೇಲೆ ಒಂದು ಹನಿ ನೀರೂ ಇಲ್ಲ. ಅಷ್ಟೇ. ಅಜ್ಜಿಯ ಪಾತ್ರಕ್ಕೆ ಅಜ್ಜಿಯೇ ಒಪ್ಪಿದರು, ಆದರೆ ಹೆಚ್ಚಿದ ಕಳಲೆ ಹಾಳಾಗಬಾರದೆಂಬ ಷರತ್ತು ಹಾಕಿದರು. ಎರಡು ದಿನ ಎಲ್ಲರೂ ಕಳಲೆ ಪಲ್ಯ ಉಂಡೆವು.

ತೋಟದ ದಾರಿಯ ದೃಶ್ಯ ರಾತ್ರಿಯದಾಗಬೇಕಿತ್ತು. ಆದರೆ ಆನೆ ಓಡಾಡುವ ತೋಟದಲ್ಲಿ ಸಂಜೆ 5.30ರ ನಂತರ ಯಾರೂ ಇರಕೂಡದೆಂದು ಮನೆಯವರು ಮೊದಲೇ ಹೇಳಿದ್ದರು, ಅದರಲ್ಲಿ ವಾದಕ್ಕೆ ಎಡೆಯಿರಲಿಲ್ಲ. ಹಾಗಾಗಿ ಹಗಲಿನಲ್ಲೇ ಚಿತ್ರೀಕರಿಸಿ ರಾತ್ರಿಯೆಂದು ತೋರಿಸುವ ಹಳೆಯ ಉಪಾಯಕ್ಕೆ ಮೊರೆಹೋದೆವು. ಫ್ರೆಂಚರು ಇದನ್ನು ‘ಅಮೆರಿಕದ ರಾತ್ರಿ’ ಎನ್ನುತ್ತಾರೆ. ಎಕ್ಸ್‌ಪೋಷರನ್ನು ಎರಡು ಸ್ಟಾಪ್, ಅಂದರೆ ಬೆಳಕನ್ನು ಕಾಲು ಭಾಗಕ್ಕೆ, ತಗ್ಗಿಸಿ, ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿ ಲಾಕ್ ಮಾಡಿದರೆ ಹಗಲಿನ ಬೆಳಕು ನೀಲಿಗೆ ತಿರುಗಿ ಬೆಳದಿಂಗಳಿನಂತೆ ಕಾಣುತ್ತದೆ. ಬಿಸಿಲಿದ್ದರೆ ಚೂಪಾದ ನೆರಳುಗಳನ್ನು ತಪ್ಪಿಸಲು ಒದ್ದಾಡಬೇಕಾಗುತ್ತಿತ್ತು; ಮಂಜು ಮುಸುಕಿದ್ದರಿಂದ ಆ ತೊಂದರೆ ಬರಲಿಲ್ಲ. ಬಂದದ್ದು ಆಕಾಶದ ತೊಂದರೆ. ಮೊದಲ ದಿನ ತೆಗೆದ ಹನ್ನೊಂದು ಶಾಟುಗಳಲ್ಲಿ ಒಂಬತ್ತರಲ್ಲಿ ಚೌಕಟ್ಟಿನ ಮೇಲ್ತುದಿಯಲ್ಲಿ ಎಲೆಗಳ ಸಂದಿಯಿಂದ ಬಿಳಿ ಆಕಾಶ ಇಣುಕುತ್ತಿತ್ತು. ಎಷ್ಟು ಕತ್ತಲು ಮಾಡಿದರೂ ಆ ಬಿಳಿ ತೇಪೆ ಇದು ಹಗಲೆಂದು ಸಾರುತ್ತಲೇ ಇತ್ತು. ಮರುದಿನ ಕ್ಯಾಮೆರಾವನ್ನು ಎತ್ತರದ ದರೆಯ ಮೇಲಿಟ್ಟು, ಕೆಳಮುಖವಾಗಿ, ಆಕಾಶ ಸ್ವಲ್ಪವೂ ಬೀಳದಂತೆ ದಾರಿಯನ್ನಷ್ಟೇ ಹಿಡಿದೆವು. ಟಾರ್ಚಿನ ಆಸೆಯನ್ನೂ ಬಿಡಬೇಕಾಯಿತು, ಏಕೆಂದರೆ ಹಗಲಿನಲ್ಲಿ ಟಾರ್ಚಿನ ಬೆಳಕು ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಇಂಬಳಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದರೆಯ ಮೇಲೆ ಕುಳಿತಿದ್ದವನ ಕಾಲಿನಲ್ಲಿ ಏಳು ಇದ್ದವು.

ಅಡುಗೆಮನೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಒಂದು ಬಲ್ಬಿನ ಬೆಳಕಿನಲ್ಲಿ ಕೆಲಸ ಮಾಡಿದೆವು. ಫೋನು ತಾನಾಗಿಯೇ ಆರಿಸಿಕೊಳ್ಳುವ ಸೆಕೆಂಡಿಗೆ 30 ಫ್ರೇಮಿನ ವೇಗದಲ್ಲಿ ತೆಗೆದ ಮೊದಲ ಶಾಟಿನಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ನಿಧಾನವಾಗಿ ಹರಿದಾಡಿದವು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಬಲ್ಬಿನ ಮಿನುಗಿಗೂ ಶಟರಿನ ವೇಗಕ್ಕೂ ಹೊಂದಿಕೆಯಾಗದಿದ್ದರೆ ಹೀಗಾಗುತ್ತದೆ. 25 ಫ್ರೇಮು ಮತ್ತು ಸೆಕೆಂಡಿನ 50ನೇ ಒಂದು ಭಾಗದ ಶಟರ್ ಇಟ್ಟೊಡನೆ ಪಟ್ಟಿಗಳು ಮಾಯವಾದವು. ಹೊರಗಿನ ಚಳಿಯಿಂದ ಒಲೆಯ ಬಿಸಿಗೆ ತಂದ ಫೋನಿನ ಲೆನ್ಸು ಪ್ರತಿ ಸಲವೂ ಮಬ್ಬಾಗುತ್ತಿತ್ತು. ಒರೆಸಿ ಪ್ರಯೋಜನವಿಲ್ಲ, ಕಾಲು ಗಂಟೆ ಒಳಗೇ ಬಿಟ್ಟು ಕಾಯಬೇಕು. ಇನ್ನು, ಒದ್ದೆಯಾದ ಹುಡುಗಿಯನ್ನು ಕೂರಿಸಿ ಎಬ್ಬಿಸಿದ ಮೇಲೆ ಒಣ ನೆಲವನ್ನು ತೋರಿಸುವುದು ಹೇಗೆ? ಕಾವಿ ಹಾಕಿದ ಹಳೆಯ ನೆಲ ಒಮ್ಮೆ ಒದ್ದೆಯಾದರೆ ಆ ಹವೆಯಲ್ಲಿ ಸಂಜೆಯವರೆಗೂ ಒಣಗದು. ಆದ್ದರಿಂದ ಕೊನೆಯ ಶಾಟನ್ನು ಎಲ್ಲಕ್ಕಿಂತ ಮೊದಲು ತೆಗೆದು, ಟ್ರೈಪಾಡನ್ನು ಕದಲಿಸದೆ ಅದರ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಗೆಳತಿಯ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದೆವು.

ನಿಜವಾದ ಕಷ್ಟ ಮತ್ತು ನಿಜವಾದ ಪಾಠ ಎರಡೂ ಇದ್ದದ್ದು ಧ್ವನಿಯಲ್ಲಿ. ಮನೆಯಲ್ಲಿ ಕೋವಿ ಇದ್ದರೂ ಗುಂಡು ಹಾರಿಸುವ ಮಾತನ್ನು ಗೆಳತಿಯ ದೊಡ್ಡಪ್ಪ ಎತ್ತಲೂ ಬಿಡಲಿಲ್ಲ. “ಸಾವಿಲ್ಲದ ಮನೆಯಿಂದ ಎರಡು ಗುಂಡು ಕೇಳಿದರೆ ಊರಿನವರೆಲ್ಲ ಬಂದು ಅಂಗಳದಲ್ಲಿ ನಿಲ್ಲುತ್ತಾರೆ, ಅವರಿಗೆ ನೀವು ಏನು ಹೇಳುತ್ತೀರಿ?” ಎಂದರು. ಹೀಗಾಗಿ ಗುಂಡನ್ನು ನಾವೇ ತಯಾರಿಸಬೇಕಾಯಿತು. ಕಾಫಿ ಮಾರಾಟವಾಗಿ ಖಾಲಿ ಬಿದ್ದಿದ್ದ ಗೋದಾಮಿನಲ್ಲಿ ಎರಡು ಹಲಸಿನ ಹಲಗೆಗಳನ್ನು ಒಂದರ ಮೇಲೊಂದು ಬಡಿದೆವು. ಹತ್ತಿರ ಹಿಡಿದ ಫೋನು ಆ ಸದ್ದನ್ನು ತಾಳಲಾರದೆ ಒಡಕಾಗಿ ದಾಖಲಿಸಿತು. ಹದಿನೈದು ಅಡಿ ದೂರದಲ್ಲಿ ಗೋಣಿಚೀಲದ ಹಿಂದೆ ಇಟ್ಟಾಗ ಸರಿಯಾಯಿತು. ಆ ಸದ್ದಿನ ವೇಗವನ್ನು ಅರ್ಧಕ್ಕಿಳಿಸಿದರೆ ಭಾರ ಬರುತ್ತದೆ. ದೂರದಿಂದ ಬರುವ ಸದ್ದಿನಲ್ಲಿ ತಾರಸ್ವರದ ಅಂಶ ದಾರಿಯಲ್ಲೇ ಕರಗಿರುತ್ತದೆ, ಆದ್ದರಿಂದ ಅದನ್ನು ಸೋಸಿ ತೆಗೆದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಬೆಟ್ಟದ ಊರೆಂದು ತೋರಿಸುವ ಉತ್ಸಾಹದಲ್ಲಿ ಮೊದಲ ಗುಂಡಿಗೆ ಪ್ರತಿಧ್ವನಿ ಸೇರಿಸಿದೆ. ಲೆಕ್ಕವನ್ನೇನೋ ಸರಿಯಾಗಿಯೇ ಹಾಕಿದ್ದೆ: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಎದುರಿನ ಬೆಟ್ಟ 600 ಮೀಟರ್ ದೂರವಿದ್ದರೆ ಹೋಗಿ ಬರಲು ಮೂರೂವರೆ ಸೆಕೆಂಡು ಬೇಕು. ಕರಡು ಪ್ರತಿಯನ್ನು ಹಾಸ್ಟೆಲಿನ ಐವರಿಗೆ ತೋರಿಸಿದಾಗ ಮೂವರು ಆ ಪ್ರತಿಧ್ವನಿಯನ್ನೇ ಎರಡನೆಯ ಗುಂಡೆಂದು ತಿಳಿದರು. ಅಜ್ಜಿ ಹೇಳಿದ್ದ ಕಾಯುವಿಕೆ ಶುರುವಾಗುವ ಮೊದಲೇ ಮುಗಿದುಹೋಗಿತ್ತು. ಭೂಗೋಳಕ್ಕೆ ನಿಷ್ಠನಾಗಿರಲು ಹೋಗಿ ಕಥೆಯನ್ನು ಕೆಡಿಸಿದ್ದೆ. ಪ್ರತಿಧ್ವನಿಯನ್ನು ತೆಗೆದು, ಗುಂಡಿನ ಬಾಲ ಮಳೆಯೊಳಗೆ ಕರಗುವಂತೆ ಮಾಡಿ, ಎರಡು ಗುಂಡುಗಳ ನಡುವಿನ ಅಂತರವನ್ನು ನಾಲ್ಕು ಸೆಕೆಂಡಿನಿಂದ ಒಂಬತ್ತಕ್ಕೆ ಏರಿಸಿದೆ. 60 ಸೆಕೆಂಡಿನಲ್ಲಿ ಒಂಬತ್ತು ಸೆಕೆಂಡು ಏನೂ ನಡೆಯದೆ ಇರುವುದು ತಂಡದ ಉಳಿದವರಿಗೆ ದುಂದಾಗಿ ಕಂಡಿತು. ಅದಕ್ಕಾಗಿ ಎರಡು ದಿನ ಜಗಳವಾಡಿದೆವು.

ಮಳೆಯ ಸದ್ದೂ ಸುಲಭವಾಗಿ ಸಿಗಲಿಲ್ಲ. ಸುತ್ತಲೂ ಸುರಿಯುತ್ತಿರುವಾಗ ರೆಕಾರ್ಡ್ ಮಾಡುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದೆ. ತಗಡಿನ ಶೀಟಿನ ಕೆಳಗೆ ಹಿಡಿದದ್ದನ್ನು ಕೇಳಿದರೆ ಎಣ್ಣೆಯಲ್ಲಿ ಹಪ್ಪಳ ಕರಿದಂತಿತ್ತು. ಕಿವಿ ಮಳೆಯನ್ನು ಗುರುತಿಸುವುದು ಅದರ ಒಟ್ಟು ಮೊರೆತದಿಂದಲ್ಲ, ಬಿಡಿಬಿಡಿ ಹನಿಗಳಿಂದ. ದೂರದ ತೋಟದ ಮಳೆ, ಸೂರಿನಿಂದ ತಾಮ್ರದ ಹಂಡೆಗೆ ಬೀಳುವ ನೀರು, ಬಾಳೆ ಎಲೆಯ ಮೇಲಿನ ಒಂದೊಂದೇ ಹನಿ, ಈ ಮೂರನ್ನು ಬೇರೆಬೇರೆಯಾಗಿ ಹಿಡಿದು ಹೊಂದಿಸಿದ ಮೇಲೆ ಅದು ಮಳೆಯಾಯಿತು. ಆ ಒಂಬತ್ತು ಸೆಕೆಂಡುಗಳಲ್ಲಿ ಮೊದಲು ಹಂಡೆಯ ನೀರು, ಆಮೇಲೆ ಬಾಳೆಯ ಹನಿ, ಕೊನೆಗೆ ತೋಟದ ಮಳೆ ಹೀಗೆ ಒಂದೊಂದನ್ನೇ ಇಳಿಸುತ್ತಾ ಬಂದೆ. ಮಳೆ ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನೋಡುವವರು ತಮಗರಿವಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಎರಡನೆಯ ಗುಂಡು ಮೊದಲನೆಯದಕ್ಕಿಂತ ಜೋರಾಗಿಲ್ಲ. ಅದರ ಹಿಂದಿನದು ಮೆತ್ತಗಾಗಿದೆ, ಅಷ್ಟೇ.

ಇನ್ನೊಂದು ತಪ್ಪನ್ನು ಹೇಳಿಬಿಡುತ್ತೇನೆ. ಆರಂಭದ ದೃಶ್ಯಗಳ ಕೆಳಗೆ 40 ಹರ್ಟ್ಸ್‌ನ ಒಂದು ಗುಂಯ್‌ಗುಡುವ ಶ್ರುತಿ ಹಾಕಿದ್ದೆ. ಹೆಡ್‌ಫೋನಿನಲ್ಲಿ ಎದೆ ನಡುಗುತ್ತಿತ್ತು. ಫೋನಿನಲ್ಲಿ ಕೇಳಿದರೆ ಅಲ್ಲಿ ಏನೂ ಇಲ್ಲ, ಅಷ್ಟು ಕೆಳಗಿನ ಸ್ವರವನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಅದೇ ಶ್ರುತಿಯನ್ನು ಎರಡು ಸಪ್ತಕ ಮೇಲೆ, 160 ಹರ್ಟ್ಸ್‌ನಲ್ಲಿ, ಸಣ್ಣಗೆ ಸೇರಿಸಿದ ಮೇಲೆ ಎರಡೂ ಕಡೆ ಕೇಳಿಸಿತು.

ಸಂಕಲನದ ಮೊದಲ ಪ್ರತಿಯಲ್ಲಿ 41 ಶಾಟುಗಳಿದ್ದವು, ಒಪ್ಪಿಸಿದ್ದರಲ್ಲಿ 14. ಶೀರ್ಷಿಕೆಗೆ ‘ಎರಡು’ ಎಂಬ ಒಂದೇ ಪದ ಸಾಕೆನಿಸಿತು. ಅದರಲ್ಲಿ ಒತ್ತಕ್ಷರವಿಲ್ಲವೆಂಬುದೂ ಒಂದು ಕಾರಣ. ‘ಶೀಘ್ರದಲ್ಲಿ’ ಎಂದು ಟೈಪಿಸಿದಾಗ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಯಾಗಿ ನಿಂತಿದ್ದವು. ಎರಡು ಮೂರು ಫಾಂಟ್ ಬದಲಾಯಿಸಿ ನೋಡಿ ಕೊನೆಗೆ ಕೈಬಿಟ್ಟೆವು. ಗೆಳತಿ ಕಾಫಿ ಡಿಕಾಕ್ಷನ್‌ನಲ್ಲಿ ಕಡ್ಡಿ ಅದ್ದಿ ಕಾಗದದ ಮೇಲೆ ಬರೆದದ್ದನ್ನು ಫೋಟೋ ತೆಗೆದು, ಬಣ್ಣ ತಿರುಗುಮುರುಗಾಗಿಸಿ ಸೇರಿಸಿದೆವು. ಅದು ಯಾವ ಫಾಂಟಿಗಿಂತಲೂ ಚೆನ್ನಾಗಿ ಕಂಡಿತು.

ಒಪ್ಪಿಸುವ ಹಿಂದಿನ ದಿನ ನಮ್ಮ ಅಧ್ಯಾಪಕರು ನೋಡಿ, ಹೊರಗಿನವರಿಗೆ ಅರ್ಥವಾಗಲು ಆರಂಭದಲ್ಲಿ ಎರಡು ಗುಂಡಿನ ಪದ್ಧತಿಯ ಬಗ್ಗೆ ಒಂದು ಸಾಲು ಹಾಕಿ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ತರಗತಿಯ ಅರ್ಧದಷ್ಟು ಜನ ಮೈಸೂರು, ಹಾಸನದ ಕಡೆಯವರು. ಹಾಕಿಯೂ ನೋಡಿದೆವು. ಆ ಸಾಲು ಓದಿದವರು ಮೊದಲ ಗುಂಡು ಕೇಳಿದೊಡನೆ ಎರಡನೆಯದನ್ನು ಎಣಿಸಲು ಕೂರುತ್ತಾರೆ, ಅಜ್ಜಿಯ ಕೈಯನ್ನು ನೋಡುವುದಿಲ್ಲ. ತೆಗೆದುಹಾಕಿದೆವು.

ಪ್ರದರ್ಶನದ ದಿನ ಕೋಣೆಯ ಕಿಟಕಿಗಳನ್ನು ಮುಚ್ಚಿ ಪ್ರೊಜೆಕ್ಟರಿನಲ್ಲಿ ಹಾಕಿದರು. ಮೊದಲ ಗುಂಡಿಗೆ ಯಾರೂ ಅಲುಗಲಿಲ್ಲ. ಪರದೆಯ ಮೇಲೆ ಕತ್ತಿ ಕಳಲೆಯ ಅರ್ಧದಲ್ಲಿ ನಿಂತಿತು. ನಾನು ಪರದೆಯನ್ನು ಬಿಟ್ಟು ಬೆಂಚುಗಳನ್ನು ನೋಡುತ್ತಿದ್ದೆ. ನಾಲ್ಕನೆಯ ಸೆಕೆಂಡಿನ ಹೊತ್ತಿಗೆ ಅಲ್ಲಲ್ಲಿ ಕೆಲವರ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿ ಕುಳಿತಿದ್ದ ಮೈಸೂರಿನ ಹುಡುಗಿಯರು ಪರದೆಯಲ್ಲಿ ಏನೂ ಕಾಣದೆ, ಹಾಗೆ ನೆಟ್ಟಗಾದವರ ಮುಖವನ್ನು ನೋಡತೊಡಗಿದರು. ಎರಡನೆಯ ಗುಂಡು ಬಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ತನಗೆ ತಾನೇ ಹೇಳಿಕೊಳ್ಳುವಂತೆ “ದಂಡ್” ಎಂದ. ಕೊಡವ ತಕ್ಕ್‌ನಲ್ಲಿ ಅದು ಎರಡು.