ಹುಬ್ಬು ಎಂಬ ಹೆಸರಿನ ಊರಿನಲ್ಲಿ ನಾಲ್ಕು ರಾತ್ರಿ

ಧಾರವಾಡದಿಂದ ಅವ್ವ ಮೂರು ತಿಂಗಳ ಮಟ್ಟಿಗೆ ಮ್ಯೂನಿಕ್‌ಗೆ, ನನ್ನ ಮನೆಗೆ, ಬರುತ್ತಾಳೆ ಎಂದು ಗೊತ್ತಾದಾಗಲೇ ಅವಳಿಗೆ ಟರ್ಕಿಯ ಸಮುದ್ರ ತೋರಿಸಬೇಕೆಂದು ನಿಶ್ಚಯಿಸಿದ್ದೆ. ಅವಳು ಕಂಡ ಸಮುದ್ರ ಗೋಕರ್ಣದ್ದು ಮಾತ್ರ. ಅದೂ ಮೂವತ್ತು ವರ್ಷಗಳ ಹಿಂದೆ, ಪ್ರೌಢಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ. ಮಕ್ಕಳನ್ನು ಎಣಿಸುವುದರಲ್ಲೇ ದಿನ ಕಳೆಯಿತು, ಸಮುದ್ರ ನೋಡಲು ಪುರಸೊತ್ತಾಗಲಿಲ್ಲ ಎಂದು ಈಗಲೂ ಹೇಳುತ್ತಾಳೆ. ಈ ಬಾರಿ ಅವಳು ಯಾರನ್ನೂ ಎಣಿಸಬಾರದು ಎಂಬುದೇ ನನ್ನ ಯೋಜನೆಯ ಮೊದಲ ಸಾಲಾಗಿತ್ತು.

ನನಗೆ ಸಿಕ್ಕಿದ್ದು ಐದು ದಿನದ ರಜೆ. ಮೊದಲ ಪಟ್ಟಿಯಲ್ಲಿ ಇಸ್ತಾಂಬುಲ್, ಕಪ್ಪದೋಕ್ಯದ ಬಲೂನು, ಪಮುಕ್ಕಲೆಯ ಬಿಳಿ ಸುಣ್ಣದ ಮೆಟ್ಟಿಲುಗಳು, ಕೊನೆಗೆ ಸಮುದ್ರ, ಎಲ್ಲವೂ ಇದ್ದವು. ಆಮೇಲೆ ಪಟ್ಟಿಯ ಪಕ್ಕದಲ್ಲಿ ಪ್ರತಿಯೊಂದಕ್ಕೂ ವಿಮಾನ, ಬಸ್ಸು, ಕಾಯುವಿಕೆ ಸೇರಿ ಎಷ್ಟು ಗಂಟೆ ಎಂದು ಬರೆಯುತ್ತಾ ಹೋದೆ. ಒಟ್ಟು 31 ಗಂಟೆ ವಾಹನದಲ್ಲೇ. ಮೊಣಕಾಲು ನೋವಿರುವ ಅರವತ್ತೆಂಟು ವರ್ಷದ ಹೆಂಗಸನ್ನು 31 ಗಂಟೆ ಕೂರಿಸಿ ಅದನ್ನು ವಿಶ್ರಾಂತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಸಮುದ್ರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಡೆದು ಹಾಕಿದೆ.

ಉಳಿದದ್ದು ಕಾಶ್. ಟರ್ಕಿಯ ನೈಋತ್ಯ ತೀರದಲ್ಲಿ, ಅಂತಾಲ್ಯ ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿರುವ ಸಣ್ಣ ಊರು. ಕಾಶ್ ಎಂದರೆ ಟರ್ಕಿ ಭಾಷೆಯಲ್ಲಿ ಹುಬ್ಬು. ಹಿಂದಿನ ಕಾಲದಲ್ಲಿ ಇದು ಲಿಸಿಯಾ ನಾಡಿನ ಆಂಟಿಫೆಲ್ಲೋಸ್ ಎಂಬ ರೇವು. ಬೆನ್ನಿಗೆ ಕಡಿದಾದ ಬೆಟ್ಟ, ಎದುರಿಗೆ ಗ್ರೀಸ್‌ಗೆ ಸೇರಿದ ದ್ವೀಪ. ಅಂತಾಲ್ಯದ ಕಡೆಯಿರುವ ದೊಡ್ಡ ದೊಡ್ಡ ಹೋಟೆಲ್ ಸಾಲುಗಳು ಇಲ್ಲಿ ಬೆಳೆದಿಲ್ಲ. ವಿಮಾನ ನಿಲ್ದಾಣ ದೂರವಿರುವುದೂ ಇದಕ್ಕೆ ಒಂದು ಕಾರಣ. ಅಂತಾಲ್ಯದಿಂದ ಕಾಶ್‌ಗೆ ಸುಮಾರು 190 ಕಿಲೋಮೀಟರ್, ದಲಮಾನ್‌ನಿಂದ ಸುಮಾರು 150. ಅಂತಾಲ್ಯಕ್ಕೆ ವಿಮಾನಗಳು ಹೆಚ್ಚು, ಟಿಕೆಟ್ಟೂ ಅಗ್ಗ. ಆದರೆ ಅಲ್ಲಿಂದ ಬರುವ ತೀರದ ರಸ್ತೆ ತಿರುವುಗಳಿಂದಲೇ ತುಂಬಿದೆ. ಅವ್ವನಿಗೆ ಶಿರಸಿಯ ಘಟ್ಟದಲ್ಲೇ ತಲೆಸುತ್ತು ಬರುತ್ತದೆ. ಹೆಚ್ಚು ಹಣ ಕೊಟ್ಟು ದಲಮಾನ್ ಟಿಕೆಟ್ ತೆಗೆದುಕೊಂಡೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಮುಂದೆ ಹೇಳುತ್ತೇನೆ.

ಕಾಲ ಸೆಪ್ಟೆಂಬರ್ ಕೊನೆಯ ವಾರ. ಜುಲೈ, ಆಗಸ್ಟ್ ಅಲ್ಲಿ ಸುಡು ಬೇಸಿಗೆ. ಸೆಪ್ಟೆಂಬರಿನ ಕೊನೆಗೆ ಗಾಳಿ ತಣ್ಣಗಾಗಿರುತ್ತದೆ, ಆದರೆ ಬೇಸಿಗೆಯಿಡೀ ಕಾದ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಬುಧವಾರ ಹೋಗಿ ಭಾನುವಾರ ಮರಳುವುದೆಂದು ಗೊತ್ತುಮಾಡಿದೆ, ಏಕೆಂದರೆ ಕಾಶ್‌ನಲ್ಲಿ ಶುಕ್ರವಾರ ಸಂತೆ. ಸಂತೆ ತಪ್ಪಿಸಿದರೆ ಅವ್ವ ನನ್ನನ್ನು ಕ್ಷಮಿಸುತ್ತಿರಲಿಲ್ಲ.

ಈಗ ವೀಸಾ. ಭಾರತದ ಪಾಸ್‌ಪೋರ್ಟ್ ಹಿಡಿದವರು ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಿ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಅಮೆರಿಕದ, ಬ್ರಿಟನ್ನಿನ ಅಥವಾ ಐರ್ಲೆಂಡಿನ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ನಮಗೆ ಟರ್ಕಿಯ ಇ-ವೀಸಾ ಸಿಗುತ್ತದೆ. ನನ್ನ ಬಳಿ ಜರ್ಮನಿಯ ವಾಸದ ಪರವಾನಗಿ, ಅವ್ವನ ಬಳಿ ಷೆಂಗೆನ್ ವೀಸಾ. ಇಬ್ಬರಿಗೂ ಮನೆಯಲ್ಲೇ ಕುಳಿತು ಅರ್ಜಿ ಹಾಕಿದೆ. ಟರ್ಕಿ ಸರ್ಕಾರದ ಜಾಲತಾಣದ ವಿಳಾಸ ‘ಗವ್ ಡಾಟ್ ಟಿಆರ್’ ಎಂದು ಕೊನೆಗೊಳ್ಳುತ್ತದೆ. ಅದೇ ರೂಪದ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬಂದು, ಅದೇ ಕೆಲಸಕ್ಕೆ ಹೆಚ್ಚು ಹಣ ಕೇಳುತ್ತವೆ. ವಿಳಾಸವನ್ನು ಎರಡು ಸಲ ನೋಡಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನವೇ ಮತ್ತೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನಿಜವಾದ ಅಪಾಯ ಇರುವುದು ಬೇರೆ ಕಡೆ. ತಂದೆ ತಾಯಿಗೆ ಯುರೋಪಿಗೆ ಬರಲು ಸಿಗುವ ವೀಸಾ ಒಂದೇ ಪ್ರವೇಶದ್ದಾಗಿದ್ದರೆ, ಟರ್ಕಿಗೆಂದು ಷೆಂಗೆನ್ ಗಡಿ ದಾಟಿದ ಗಳಿಗೆಯಲ್ಲೇ ಅದು ಮುಗಿದು ಹೋಗುತ್ತದೆ. ಆಮೇಲೆ ಜರ್ಮನಿಗೆ ಮರಳಲು ದಾರಿಯಿಲ್ಲ. ನನ್ನ ಪರಿಚಯದ ಒಂದು ಕುಟುಂಬ ಇದನ್ನು ವಿಮಾನ ನಿಲ್ದಾಣದಲ್ಲಿ ತಿಳಿದುಕೊಂಡಿತು, ಅದೃಷ್ಟಕ್ಕೆ ಹೊರಡುವ ಮೊದಲೇ. ಅವರ ಕಥೆ ಕೇಳಿದ್ದರಿಂದ, ಅವ್ವನ ಅರ್ಜಿಯ ಜೊತೆಗಿಟ್ಟ ಪತ್ರದಲ್ಲಿ ಟರ್ಕಿ ಪ್ರವಾಸದ ದಿನಾಂಕವನ್ನೇ ಬರೆದು, ಹಲವು ಪ್ರವೇಶದ ವೀಸಾ ಬೇಕೆಂದು ಕಾರಣ ಸಮೇತ ಕೇಳಿದ್ದೆ. ಅದು ಸಿಕ್ಕಿತು. ಮುದ್ರೆ ಒತ್ತಿದ ಪಾಸ್‌ಪೋರ್ಟಿನ ಚಿತ್ರವನ್ನು ಅವ್ವ ಧಾರವಾಡದಿಂದ ಕಳಿಸಿದಾಗ ನಾನು ಮೊದಲು ನೋಡಿದ್ದು ಅವಳ ಫೋಟೋವನ್ನಲ್ಲ, ಪ್ರವೇಶಗಳ ಸಂಖ್ಯೆಯನ್ನು.

ವಿಮೆಯದ್ದೂ ಇದೇ ಬಗೆ. ಷೆಂಗೆನ್ ವೀಸಾಗೆಂದು ಮಾಡಿಸಿದ ಪ್ರಯಾಣ ವಿಮೆ ಟರ್ಕಿಗೂ ಅನ್ವಯಿಸುತ್ತದೆ ಎಂದು ಎಣಿಸಬೇಡಿ. ಅವ್ವನ ವಿಮೆಯಲ್ಲಿ ಟರ್ಕಿ ಇರಲಿಲ್ಲ, ಐದು ದಿನಕ್ಕೆ ಬೇರೆ ಮಾಡಿಸಿದೆ. ಮೊಬೈಲಿಗೂ ಯುರೋಪ್ ಒಕ್ಕೂಟದ ರೋಮಿಂಗ್ ಸೌಲಭ್ಯ ಅಲ್ಲಿ ಇಲ್ಲ, ಇ-ಸಿಮ್ ಹಾಕಿಕೊಂಡೆ. ಎಟಿಎಂ ಯಂತ್ರ ‘ಯೂರೋದಲ್ಲೇ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎನ್ನಿ, ಲಿರಾದಲ್ಲೇ ಪಡೆಯಿರಿ. ಬೆಲೆಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅಲ್ಲಿ ಅವು ಏರುವ ವೇಗಕ್ಕೆ ಬರೆದ ಅಂಕಿ ಬೇಗ ಹಳತಾಗುತ್ತದೆ.

ಎಚ್ಚರ ವಹಿಸಿಯೂ ನಾನು ತಪ್ಪಿದ್ದು ವಸತಿಯಲ್ಲಿ. ನಕ್ಷೆಯಲ್ಲಿ ಬಂದರಿನಿಂದ 300 ಮೀಟರ್ ಎಂದು ಕಂಡ ಒಂದು ಸಣ್ಣ ಅತಿಥಿಗೃಹವನ್ನು ಕಾಯ್ದಿರಿಸಿದ್ದೆ. ಆ 300 ಮೀಟರ್ ಬಹುಪಾಲು ಮೇಲ್ಮುಖವಾಗಿತ್ತು. ನಕ್ಷೆ ಊರನ್ನು ಚಪ್ಪಟೆಯಾಗಿ ತೋರಿಸುತ್ತದೆ, ಕಾಶ್ ಊರು ಬೆಟ್ಟದ ಮೇಲೆ ಏಣಿಯ ಹಾಗೆ ನಿಂತಿದೆ. ಕಾರು ನಿಲ್ಲುವ ಜಾಗದಿಂದ ಕೋಣೆಗೆ 64 ಮೆಟ್ಟಿಲು. ಅವ್ವ ಒಂದು ಮಾತೂ ಆಡಲಿಲ್ಲ. ಪ್ರತಿ ಹತ್ತು ಮೆಟ್ಟಿಲಿಗೆ ನಿಂತು ಬೋಗನ್‌ವಿಲ್ಲಾ ಬಳ್ಳಿ ನೋಡುವ ನೆಪದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ರಾತ್ರಿಯ ಹಣ ಬಿಟ್ಟು ಮರುದಿನ ಬೆಳಿಗ್ಗೆಯೇ ಕೆಳಗಿನ ಬೀದಿಗೆ ಇಳಿದೆವು. ನೀವು ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ‘ಸಮುದ್ರ ಕಾಣುತ್ತದೆಯೇ’ ಎಂದು ಕೇಳುವ ಮೊದಲು ‘ಮೆಟ್ಟಿಲು ಎಷ್ಟು’ ಎಂದು ಕೇಳಿ. ಅಲ್ಲಿ ಸಮುದ್ರ ಚೆನ್ನಾಗಿ ಕಾಣುತ್ತದೆ ಎಂದರೆ ಮನೆ ಎತ್ತರದಲ್ಲಿದೆ ಎಂದೇ ಅರ್ಥ.

ಅವ್ವ ಮೀನು, ಮೊಟ್ಟೆ ಮುಟ್ಟುವವಳಲ್ಲ. ಕಬಾಬಿನ ದೇಶದಲ್ಲಿ ಅವಳು ಏನು ತಿನ್ನುತ್ತಾಳೆ ಎಂದು ಮ್ಯೂನಿಕ್‌ನಲ್ಲಿ ಎಲ್ಲರೂ ಕೇಳಿದ್ದರು. ಆದರೆ ಆ ತೀರದ ಅಡುಗೆಮನೆ ತರಕಾರಿಯನ್ನು ಬಹಳ ಗೌರವದಿಂದ ನಡೆಸಿಕೊಳ್ಳುತ್ತದೆ. ‘ಜೈತಿನ್‌ಯಾಲಿ’ ಎಂಬ ಒಂದು ಬಗೆಯೇ ಇದೆ: ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿ, ಆರಿಸಿ, ತಣ್ಣಗೆ ಬಡಿಸುವುದು. ಹುರುಳಿಕಾಯಿ, ಬದನೆಕಾಯಿ, ಅನ್ನ ತುಂಬಿದ ದ್ರಾಕ್ಷಿ ಎಲೆ ಎಲ್ಲವೂ ಈ ಬಗೆಯಲ್ಲಿ ಆಗುತ್ತವೆ. ‘ಗೊಜ್ಲೆಮೆ’ ಎಂದರೆ ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಚೀಸ್, ಪಾಲಕ್ ಅಥವಾ ಆಲೂಗಡ್ಡೆ ಇಟ್ಟು ಹಂಚಿನ ಮೇಲೆ ಬೇಯಿಸಿದ್ದು. ಲಟ್ಟಿಸುವ ಹೆಂಗಸರ ಕೈಯನ್ನು ಅವ್ವ ಹದಿನೈದು ನಿಮಿಷ ನಿಂತು ನೋಡಿದಳು. ಆ ಉದ್ದನೆಯ ತೆಳ್ಳನೆ ಲಟ್ಟಣಿಗೆ ಅವಳಿಗೆ ತುಂಬಾ ಹಿಡಿಸಿತು. ಅಯ್ರಾನ್ ಎಂಬುದು ಉಪ್ಪು ಹಾಕಿದ ಮಜ್ಜಿಗೆಯೇ, ಸ್ವಲ್ಪ ಗಟ್ಟಿ, ಒಗ್ಗರಣೆಯಿಲ್ಲ.

ಎಚ್ಚರ ಬೇಕಾದದ್ದು ಸೂಪು ಮತ್ತು ಅನ್ನದಲ್ಲಿ. ಬೇಳೆಯ ಸೂಪು ನೋಡಲು ನಮ್ಮ ಕಟ್ಟಿನಂತಿದ್ದರೂ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಪಿಲಾವನ್ನೂ ಹಾಗೆಯೇ. ಅದಕ್ಕೆ ‘ಎತ್ ಸುಯು’ ಎಂದು ಹೆಸರು, ಅದು ಇದೆಯೇ ಎಂದು ಕೇಳಬೇಕು. ಬರೀ ‘ಮಾಂಸ ಬೇಡ’ ಎಂದರೆ ಕೋಳಿ ಬರಬಹುದು. ನಾನು ಕಲಿತು ಹೋದ ಮಾತು ಇಷ್ಟೇ: ‘ಎತ್ ಯೊಕ್, ತವುಕ್ ಯೊಕ್, ಬಾಲಿಕ್ ಯೊಕ್’. ಮಾಂಸವಿಲ್ಲ, ಕೋಳಿಯಿಲ್ಲ, ಮೀನಿಲ್ಲ. ವ್ಯಾಕರಣ ಸರಿಯಲ್ಲ, ಕೆಲಸ ಆಗುತ್ತದೆ. ಇನ್ನೊಂದು ಅಚ್ಚರಿ: ಅಂಗಡಿಗಳಲ್ಲಿ ಮಾರುವ ‘ಚಿ ಕೊಫ್ತೆ’ಯ ಹೆಸರಿನ ಅರ್ಥ ಹಸಿ ಕೋಫ್ತಾ ಎಂದಾದರೂ ಅದರಲ್ಲಿ ಮಾಂಸವಿರುವುದಿಲ್ಲ. ಗೋಧಿ ನುಚ್ಚಿಗೆ ಕೆಂಪು ಮೆಣಸಿನ ಕಾರ ಹಾಕಿ ನಾದಿದ್ದು. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಅವ್ವನಿಗೆ ಆ ಊರಿನಲ್ಲಿ ನಾಲಿಗೆಗೆ ತಟ್ಟಿದ ಮೊದಲ ತಿನಿಸು ಅದು.

ಗುರುವಾರಕ್ಕೆ ಏನನ್ನೂ ಇಟ್ಟಿರಲಿಲ್ಲ. ಉಜುನ್ ಚಾರ್ಶಿ ಎಂಬ ಕಲ್ಲುಹಾಸಿನ ಬೀದಿಯ ಮೇಲ್ತುದಿಯಲ್ಲಿ, ಅಂಗಡಿಗಳ ನಡುವೆಯೇ, ಕ್ರಿಸ್ತಪೂರ್ವ ಕಾಲದ ಲಿಸಿಯನ್ ಕಲ್ಲಿನ ಸಮಾಧಿ ನಿಂತಿದೆ. ಮುಚ್ಚಳದಿಂದ ಸಿಂಹದ ತಲೆಗಳು ಹೊರಚಾಚಿವೆ. ಸಂಜೆ ಪಶ್ಚಿಮದ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕುಳಿತು ಸೂರ್ಯಾಸ್ತ ನೋಡಿದೆವು. ಎದುರಿಗೆ ಮೈಸ್ ದ್ವೀಪ, ಗ್ರೀಕರ ಕಾಸ್ಟೆಲೊರಿಜೊ. ನನ್ನ ಫೋನು ಆಗಾಗ ‘ಗ್ರೀಸ್‌ಗೆ ಸ್ವಾಗತ’ ಎನ್ನುತ್ತಿತ್ತು. ದೋಣಿಯಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ಅವ್ವ ‘ನಾಳೆ ಅಲ್ಲಿಗೆ ಹೋಗೋಣವೇ?’ ಎಂದು ಕೇಳಿದಳು. ನಮ್ಮ ಇ-ವೀಸಾ ಒಂದೇ ಪ್ರವೇಶದ್ದು, ಆ ದ್ವೀಪದಲ್ಲಿ ಕಾಲಿಟ್ಟರೆ ಟರ್ಕಿಗೆ ಮರಳಲು ಹೊಸ ವೀಸಾ ಬೇಕು ಎಂದು ವಿವರಿಸಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, ‘ಇಲ್ಲಿನ ಮೇಕೆ ದನಿ ಎತ್ತಿದರೆ ಅಲ್ಲಿಗೆ ಕೇಳಿಸುತ್ತದೆ’ ಎಂದಳು. ಈ ತೀರದಿಂದ ಗ್ರೀಕರು ಆ ಕಡೆಗೂ, ಗ್ರೀಸ್‌ನಿಂದ ಮುಸ್ಲಿಮರು ಈ ಕಡೆಗೂ ಮನೆಮಠ ಬಿಟ್ಟು ಹೋಗಬೇಕಾಗಿ ಬಂದ 1923ರ ಜನ ವಿನಿಮಯದ ಬಗ್ಗೆ ಹೇಳಿದೆ. ಆ ಸಂಜೆ ಮತ್ತೆ ದ್ವೀಪದ ಮಾತು ಬರಲಿಲ್ಲ.

ಶುಕ್ರವಾರದ ಸಂತೆ ಪೂರ್ತಿ ಅವಳದ್ದೇ. ಬದನೆ, ದಾಳಿಂಬೆ, ಒಣಗಿಸಿ ದಾರಕ್ಕೆ ಪೋಣಿಸಿದ ಮೆಣಸಿನಕಾಯಿ ಸರ. ಟರ್ಕಿ ಭಾಷೆಗೂ ನಮ್ಮ ಧಾರವಾಡದ ಕನ್ನಡಕ್ಕೂ ಅರಬ್ಬಿ, ಪಾರಸಿ ಮಾತುಗಳ ನಂಟು ಇದೆ ಎಂಬುದನ್ನು ಅವಳು ತಾನಾಗಿಯೇ ಕಂಡುಹಿಡಿದಳು. ಸಂತೆಗೆ ಪಜಾರ್, ಅಂಗಡಿಗೆ ದುಕ್ಕಾನ್, ಲೆಕ್ಕಕ್ಕೆ ಹೆಸಾಪ್, ವ್ಯತ್ಯಾಸಕ್ಕೆ ಫರ್ಕ್, ಸಕ್ಕರೆಗೆ ಶೆಕೆರ್. ‘ನಮ್ಮ ಹಿಸಾಬು, ನಮ್ಮ ಫರಕು!’ ಎಂದು ಅವಳು ನನ್ನ ಕೈ ಹಿಡಿದು ಅಲುಗಿಸಿದಳು. ಅಂಜೂರ ಮಾರುವ ಅಜ್ಜಿಯೊಬ್ಬಳ ಜೊತೆ ‘ಹಿಸಾಬು’ ಎಂಬ ಒಂದೇ ಮಾತಿನಲ್ಲಿ ವ್ಯಾಪಾರ ಮುಗಿಸಿ, ಎರಡು ಅಂಜೂರ ಹೆಚ್ಚಿಗೆ ಹಾಕಿಸಿಕೊಂಡು ಬಂದಳು.

ಶನಿವಾರ ಕೆಕೊವಾ ದ್ವೀಪ. ಕಾಶ್ ಬಂದರಿನಿಂದ ಹೊರಡುವ ದೊಡ್ಡ ದೋಣಿಗಳು ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತವೆ. ಇಡೀ ದಿನ ಬಿಸಿಲು ಮತ್ತು ಅಲೆ ಅವ್ವನಿಗೆ ಆಗುವುದಿಲ್ಲವೆಂದು ನಾವು ಕಾರಿನಲ್ಲಿ ಉಚಾಜ್ ಎಂಬ ಹಳ್ಳಿಗೆ ಹೋಗಿ ಅಲ್ಲಿ ಎರಡು ಗಂಟೆಯ ಮಟ್ಟಿಗೆ ಸಣ್ಣ ದೋಣಿ ಹಿಡಿದೆವು. ಪ್ರಾಚೀನ ಕಾಲದ ಭೂಕಂಪಗಳಲ್ಲಿ ಕುಸಿದ ಊರಿನ ಗೋಡೆಗಳು, ನೀರಿಗಿಳಿಯುವ ಮೆಟ್ಟಿಲುಗಳು ದ್ವೀಪದ ಅಂಚಿನಲ್ಲಿ ಕಾಣುತ್ತವೆ. ಅಲ್ಲಿ ಈಜುವುದು ನಿಷಿದ್ಧ. ಕಲೆಕೊಯ್ ಹಳ್ಳಿಯ ಬಳಿ ಒಂದು ಕಲ್ಲಿನ ಸಮಾಧಿ ನೀರಿನ ನಡುವೆ ಒಂಟಿಯಾಗಿ ನಿಂತಿದೆ. ದೋಣಿಯವನು ಅದರ ಪಕ್ಕದಲ್ಲಿ ಎಂಜಿನ್ ನಿಲ್ಲಿಸಿದ. ಸಣ್ಣ ದೋಣಿಗೆ ಸ್ವಲ್ಪ ಹೆಚ್ಚು ಕೊಟ್ಟದ್ದು ಆ ಮೌನಕ್ಕೆ ಎಂದು ನಾನು ತಿಳಿದಿದ್ದೇನೆ.

ಈಗ ದಲಮಾನ್ ಆರಿಸಿಕೊಂಡ ಆ ಎರಡನೆಯ ಕಾರಣ. ಕಾಶ್ ಊರಿನೊಳಗೆ ಮರಳಿನ ತೀರವಿಲ್ಲ. ಬಂಡೆಗಳ ಮೇಲೆ ಹಲಗೆ ಹಾಸಿ, ನೀರಿಗೆ ಏಣಿ ಇಳಿಬಿಟ್ಟಿರುತ್ತಾರೆ, ಇಲ್ಲವೇ ಬೆಣಚುಕಲ್ಲಿನ ಸಣ್ಣ ಕೊಲ್ಲಿಗಳು. ಈಜುವವರಿಗೆ ಅದೇ ಸ್ವರ್ಗ, ಸೀರೆಯ ನೆರಿಗೆ ಎತ್ತಿ ಕಾಲು ತೋಯಿಸಿಕೊಳ್ಳುವವರಿಗೆ ಅಲ್ಲ. ಕಪುತಾಶ್ ಎಂಬ ಹೆಸರುವಾಸಿ ತೀರಕ್ಕೆ ರಸ್ತೆಯಿಂದ ನೂರೆಂಬತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಅದನ್ನು ಮೇಲಿನಿಂದಲೇ ನೋಡಿದೆವು. ಮರಳು ಇರುವುದು ಪತಾರದಲ್ಲಿ, ಹತ್ತು ಕಿಲೋಮೀಟರಿಗೂ ಉದ್ದಕ್ಕೆ. ಮತ್ತು ಪತಾರ ಇರುವುದು ಕಾಶ್‌ನಿಂದ ದಲಮಾನ್‌ಗೆ ಹೋಗುವ ದಾರಿಯಲ್ಲೇ. ಭಾನುವಾರ ಸಂಜೆಯ ವಿಮಾನವನ್ನೇ ಆರಿಸಿ, ಬಾಡಿಗೆ ಕಾರಿನವನಿಗೆ ಮೂರು ಗಂಟೆ ಕಾಯಲು ಮೊದಲೇ ಹೇಳಿ, ಊರಿಗೆ ಮರಳುವ ದಿನವನ್ನೇ ಸಮುದ್ರದ ದಿನವಾಗಿ ಮಾಡಿದೆ. ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದು.

ಪತಾರದ ತೀರ ಕಡಲಾಮೆಗಳು ಮೊಟ್ಟೆಯಿಡುವ ಜಾಗ, ಆ ತಿಂಗಳುಗಳಲ್ಲಿ ರಾತ್ರಿ ಯಾರನ್ನೂ ಬಿಡುವುದಿಲ್ಲ. ಬೆಳಿಗ್ಗೆ ಬೇಗ ಹೋದೆವು. ಅವ್ವ ನೀರಿನಲ್ಲಿ ಮೊಣಕಾಲವರೆಗೆ ನಿಂತಳು, ಒಂದು ಗಂಟೆ ನಿಂತೇ ಇದ್ದಳು. ನಾನು ಚಪ್ಪಲಿ ಹಿಡಿದುಕೊಂಡು ದಡದಲ್ಲಿ ಕುಳಿತಿದ್ದೆ.

ತೀರಕ್ಕೆ ಹೋಗುವ ದಾರಿಯಲ್ಲೇ ಹಳೆಯ ನಗರದ ಅವಶೇಷಗಳಿವೆ. ಅವುಗಳ ನಡುವೆ ಅರ್ಧವೃತ್ತಾಕಾರದ ಕಲ್ಲಿನ ಪೀಠಗಳ ಒಂದು ಸಭಾಭವನವಿದೆ. ಟರ್ಕಿಯ ಸಂಸತ್ತೇ ಅದರ ಜೀರ್ಣೋದ್ಧಾರ ಮಾಡಿಸಿದೆ. ಲಿಸಿಯಾದ ಊರುಗಳ ಒಕ್ಕೂಟ ಇಲ್ಲಿ ಸಭೆ ಸೇರುತ್ತಿತ್ತು. ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಹೇಳುವಂತೆ 23 ಊರುಗಳಿಗೆ ಮತವಿತ್ತು: ದೊಡ್ಡ ಊರಿಗೆ ಮೂರು, ನಡುವಿನದ್ದಕ್ಕೆ ಎರಡು, ಚಿಕ್ಕದ್ದಕ್ಕೆ ಒಂದು. ಅವ್ವ ಮೂವತ್ತೊಂದು ವರ್ಷ ಪೌರನೀತಿ ಪಾಠ ಮಾಡಿದವಳು. ಒದ್ದೆ ಸೀರೆಯಲ್ಲೇ ಮೂರನೆಯ ಸಾಲಿನ ಕಲ್ಲಿನ ಮೇಲೆ ಕುಳಿತು, ಮತ್ತೊಮ್ಮೆ ಹೇಳು ಎಂದಳು. ಹೇಳಿದೆ.

‘ಹಾಗಾದರೆ ಹುಬ್ಬಳ್ಳಿಗೆ ಮೂರು ಕೊಡಲೇಬೇಕಾಗುತ್ತದೆ’ ಎಂದಳು ಸ್ವಲ್ಪ ಯೋಚಿಸಿ. ‘ಧಾರವಾಡಕ್ಕೂ ಮೂರು. ಕಲಘಟಗಿಗೆ ಎರಡು. ನನ್ನ ತವರಿಗೆ ಒಂದು ಸಿಕ್ಕರೂ ಸಾಕು, ಆದರೆ ಆ ಒಂದನ್ನು ಕೇಳಿಸಿಕೊಳ್ಳಬೇಕು.’

ಹೊರಗೆ ಕಾರಿನವನು ಗಡಿಯಾರ ತೋರಿಸಿದ. ಇನ್ನೂ ಇಪ್ಪತ್ತು ನಿಮಿಷ ಇದೆ ಎಂದು ನಾನು ಕೈಬೆರಳಿನಲ್ಲಿ ಸನ್ನೆ ಮಾಡಿದೆ. ಅಷ್ಟನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿ ಇಟ್ಟಿದ್ದೆ.