ಪುಡಿಯನ್ನು ಬಿಡಿಸಿ ನಿಲ್ಲಿಸುವ ಕೆಲಸ: ಪೇಂಟ್ ಲ್ಯಾಬ್‌ನಲ್ಲಿ ನನ್ನ ಅನುಭವ

ನೀರಿನ ಪೇಂಟ್ ತಯಾರಿಸುವ ಲ್ಯಾಬ್‌ನಲ್ಲಿ ನನ್ನದು ಡಿಸ್ಪರ್ಶನ್ ಕೆಲಸ. ಒಣ ಪುಡಿಯನ್ನು ನೀರಿನಲ್ಲಿ ಕಣ ಕಣವಾಗಿ ಬಿಡಿಸಬೇಕು. ಬಿಡಿಸಿದ್ದು ಮತ್ತೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಹೊಸಬರು ಬಂದರೆ ಮೊದಲು ಕೇಳುವುದು ಮೋಟಾರಿನ ವೇಗ ಎಷ್ಟು ಅಂತ. ನಾನು ಮೊದಲು ಕೇಳುವುದು ಡಿಸ್ಪರ್ಸೆಂಟ್, ಅಂದರೆ ಬಿಡಿಸಿದ ಕಣಗಳು ಮತ್ತೆ ಅಂಟದ ಹಾಗೆ ತಡೆಯುವ ರಾಸಾಯನಿಕ, ಎಷ್ಟು ಹಾಕಿದ್ದೀರಿ ಅಂತ. ಬಿಡಿಸುವುದಕ್ಕೆ ಯಂತ್ರ ಇದೆ, ಬಿಡಿಸಿದ್ದನ್ನು ನಿಲ್ಲಿಸುವುದೇ ಕಷ್ಟ.

ಟೈಟಾನಿಯಂ ಡೈಆಕ್ಸೈಡ್ ತೆಗೆದುಕೊಳ್ಳಿ. ಬಿಳಿ ಪೇಂಟಿನ ಬಿಳುಪೆಲ್ಲ ಅದರದ್ದೇ. ಅದರ ಒಂದೊಂದು ಕಣ 0.2ರಿಂದ 0.3 ಮೈಕ್ರಾನ್, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದದ ಸುಮಾರು ಅರ್ಧ. ಆ ಗಾತ್ರದಲ್ಲಿದ್ದಾಗಲೇ ಅದು ಬೆಳಕನ್ನು ಚೆನ್ನಾಗಿ ಚದುರಿಸುವುದು, ಗೋಡೆಯ ಹಳೆ ಬಣ್ಣವನ್ನು ಮುಚ್ಚುವುದು. ಆದರೆ ಚೀಲದಲ್ಲಿ ಬರುವಾಗ ಕಣಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಗುಂಪು ಗುಂಪಾಗೇ ಉಳಿದರೆ ಅಷ್ಟೇ ದುಡ್ಡಿನ ಪುಡಿ ಹಾಕಿಯೂ ಮುಚ್ಚುವ ಶಕ್ತಿ ಕಮ್ಮಿ.

ಹೊಸ ಪುಡಿ ಬಂದಾಗಲೆಲ್ಲ ನಾನು ಒಂದು ಪರೀಕ್ಷೆ ತಪ್ಪದೆ ಮಾಡುತ್ತೇನೆ. ಪುಡಿಗೆ ನೀರು ಹಾಕಿ ಗಟ್ಟಿ ಪೇಸ್ಟ್ ಮಾಡಿಕೊಳ್ಳುತ್ತೇನೆ. ಮೊದಮೊದಲು ಅದು ಚಮಚದಿಂದ ಕೆಳಗೆ ಇಳಿಯುವುದೇ ಇಲ್ಲ, ಹೆಂಟೆ ಹೆಂಟೆಯಾಗಿ ಒಡೆಯುತ್ತದೆ. ಆಮೇಲೆ ನನ್ನ ಡಿಸ್ಪರ್ಸೆಂಟ್ ಆದ ಸೋಡಿಯಂ ಪಾಲಿಅಕ್ರಿಲೇಟ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ತೂಗಿ ಹಾಕಿ ಕಲಸುತ್ತೇನೆ. ಒಂದು ಹಂತ ಬರುತ್ತದೆ ನೋಡಿ, ಇನ್ನೆರಡು ಹನಿ ಬಿತ್ತು ಅನ್ನುವಷ್ಟರಲ್ಲಿ ಇಡೀ ಪೇಸ್ಟ್ ಸಡಿಲವಾಗಿ ಚಮಚದ ತುದಿಯಿಂದ ಎಳೆಯಾಗಿ ಹರಿಯುತ್ತದೆ. ನೀರು ಒಂದು ತೊಟ್ಟೂ ಜಾಸ್ತಿ ಹಾಕಿಲ್ಲ ಅಂದರೆ ನೋಡಿದವರು ನಂಬುವುದಿಲ್ಲ! ಅಲ್ಲಿಂದ ಮುಂದೆ ಪ್ರತಿ ಸಲ ವಿಸ್ಕೋಮೀಟರಿನಲ್ಲಿ ಅಳೆಯುತ್ತೇನೆ. ಗಟ್ಟಿತನ ಇಳಿಯುತ್ತಾ ಹೋಗಿ ತಳ ಮುಟ್ಟುತ್ತದೆ, ಆಮೇಲೂ ಹಾಕುತ್ತಾ ಹೋದರೆ ಮೆಲ್ಲಗೆ ಮೇಲೇರುತ್ತದೆ. ಆ ತಳಕ್ಕಿಂತ ಒಂದು ಚೂರು ಮುಂದೆ ನನ್ನ ಡೋಸ್.

ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಪಾಲಿಅಕ್ರಿಲೇಟ್ ಕಣದ ಮೇಲೆ ಕೂತು ಅದಕ್ಕೆ ಋಣ ವಿದ್ಯುದಂಶ ಕೊಡುತ್ತದೆ, ಹಾಗಾಗಿ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಕಣಗಳೆಲ್ಲ ತುಂಬಿದ ಮೇಲೆ ಮಿಕ್ಕಿದ್ದು ನೀರಿನಲ್ಲಿ ಉಪ್ಪಿನ ಹಾಗೆ ಉಳಿದು, ಆ ತಳ್ಳಾಟವನ್ನೇ ಮಂಕು ಮಾಡುತ್ತದೆ. ಅದರ ಮೇಲೆ ಒಣಗಿದ ಪೇಂಟಿಗೆ ನೀರು ತಡೆಯುವ ಶಕ್ತಿಯೂ ಕಮ್ಮಿಯಾಗುತ್ತದೆ. ಗಡಸು ನೀರೂ ಇದೇ ಥರದ ಕೇಡು ಮಾಡುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಪಾಲಿಅಕ್ರಿಲೇಟನ್ನು ಹಿಡಿದುಕೊಂಡುಬಿಡುತ್ತದೆ. ಅದಕ್ಕೇ ಲವಣ ತೆಗೆದ ನೀರನ್ನೇ ಬಳಸುವುದು. ಕಣಗಳ ಸೆಳೆತ ಮತ್ತು ತಳ್ಳಾಟದ ಲೆಕ್ಕವನ್ನು 1941ರಲ್ಲಿ ಡೆರ್ಯಾಗಿನ್ ಮತ್ತು ಲಂಡೌ, 1948ರಲ್ಲಿ ಫರ್ವೆ ಮತ್ತು ಓವರ್‌ಬೀಕ್ ಎಂಬ ವಿಜ್ಞಾನಿಗಳು ಬಿಡಿಸಿಟ್ಟರು. ನಾನು ಚಮಚದಲ್ಲಿ ನೋಡುವುದೂ ಅದನ್ನೇ.

ಡೋಸ್ ಸಿಕ್ಕಿದ ಮೇಲೆ ಯಂತ್ರದ ಸರದಿ. ನೀರು, ಡಿಸ್ಪರ್ಸೆಂಟ್, ನೊರೆ ತಡೆಯುವ ಡಿಫೋಮರ್ ಮೊದಲು. ಪಿಎಚ್ 8ರಿಂದ 9ರ ನಡುವೆ ಇರಲಿ. ಪುಡಿಯನ್ನು ನಿಧಾನ ವೇಗದಲ್ಲೇ ಉದುರಿಸಬೇಕು. ಯಂತ್ರದಲ್ಲಿ ತಿರುಗುವ ಹಲ್ಲಿನ ಡಿಸ್ಕಿನ ಅಗಲ ಪಾತ್ರೆಯ ಅಗಲದ ಮೂರನೇ ಒಂದು ಭಾಗ ಇದ್ದರೆ ಸರಿ. ಡಿಸ್ಕಿನ ಅಂಚು ಸೆಕೆಂಡಿಗೆ 20ರಿಂದ 25 ಮೀಟರ್ ಓಡಬೇಕು. 10 ಸೆಂಟಿಮೀಟರ್ ಡಿಸ್ಕ್ ಆದರೆ ನಿಮಿಷಕ್ಕೆ 4,200 ಸುತ್ತಿನ ಆಸುಪಾಸು. ಪೇಸ್ಟ್ ಗಟ್ಟಿಯಾಗೇ ಇರಬೇಕು, ತೆಳುವಾದರೆ ಕಣಗಳ ಗುಂಪಿಗೆ ಎಳೆತ ತಾಗುವುದಿಲ್ಲ, ಸುಮ್ನೆ ಸುತ್ತು ಹೊಡೆಯುತ್ತವೆ. ಆದ್ದರಿಂದ ಉಳಿದ ನೀರು, ಪುಡಿಯನ್ನು ಗೋಡೆಗೆ ಹಿಡಿಸುವ ಬೈಂಡರ್ ಎಲ್ಲ ಆಮೇಲೆ, ವೇಗ ಇಳಿಸಿದ ನಂತರ.

ನುಣುಪು ನೋಡುವುದು ಹೆಗ್‌ಮನ್ ಗೇಜಿನಲ್ಲಿ. ಉಕ್ಕಿನ ಪಟ್ಟಿಯಲ್ಲಿ ಒಂದು ಕಾಲುವೆ, ಒಂದು ತುದಿಯಲ್ಲಿ 100 ಮೈಕ್ರಾನ್ ಆಳ, ಇನ್ನೊಂದು ತುದಿಯಲ್ಲಿ ಸೊನ್ನೆ. ಪೇಸ್ಟ್ ಎಳೆದು, ಒಣಗುವ ಮೊದಲೇ ಓರೆ ಬೆಳಕಿನಲ್ಲಿ ನೋಡಿದರೆ ಚುಕ್ಕೆಗಳು ಎಲ್ಲಿಂದ ದಟ್ಟವಾಗುತ್ತವೆ ಅಂತ ಕಾಣುತ್ತದೆ. ಹೊಳಪಿನ ಪೇಂಟಿಗೆ ನನಗೆ ಗೇಜಿನ 0ರಿಂದ 8ರ ಅಳತೆಯಲ್ಲಿ 7 ಬೇಕು, ಅಂದರೆ 12.5 ಮೈಕ್ರಾನ್. ಗೇಜ್ ಚೆನ್ನಾಗಿ ಬಂತು ಅಂತ ಕೈ ತೊಳೆದುಕೊಳ್ಳಬೇಡಿ. ಅದು ಹಿಡಿಯುವುದು ದೊಡ್ಡ ಗುಂಪುಗಳನ್ನು ಮಾತ್ರ.

ಅದಕ್ಕೇ ನನಗೆ ಬೆರಳಿನ ಪರೀಕ್ಷೆ ಮೇಲೆ ನಂಬಿಕೆ ಜಾಸ್ತಿ. ಬಿಳಿಗೆ ಒಂದಿಷ್ಟು ನೀಲಿ ಬೆರೆಸಿ ಕಾರ್ಡಿನ ಮೇಲೆ ಎಳೆಯುತ್ತೇನೆ. ಅರ್ಧ ಒಣಗಿದಾಗ ಒಂದು ಕಡೆ ಬೆರಳಿನಿಂದ ಉಜ್ಜುತ್ತೇನೆ. ಉಜ್ಜಿದ ಜಾಗ ಗಾಢವಾದರೆ ನೀಲಿ ಗುಂಪುಗೂಡಿತ್ತು, ಬೆರಳು ಅದನ್ನು ಬಿಡಿಸಿತು. ತಿಳಿಯಾದರೆ ಬಿಳಿಯದ್ದೇ ಗುಂಪು. ಎರಡೂ ಕಡೆ ಒಂದೇ ಬಣ್ಣ ಇದ್ದರೆ ಮುಂದಿನ ಕೆಲಸಕ್ಕೆ ಹೋಗುತ್ತೇನೆ.

ಡಿಸ್ಪರ್ಸೆಂಟ್ ಅಂದ ತಕ್ಷಣ ಕೆಲವರಿಗೆ ಸಮುದ್ರದ ತೈಲ ಸೋರಿಕೆ ನೆನಪಾಗುತ್ತದೆ. 2010ರ ಡೀಪ್‌ವಾಟರ್ ಹೊರೈಜನ್ ಸೋರಿಕೆಯಲ್ಲಿ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಸುರಿದರು. ಎಣ್ಣೆ ಅದರಿಂದ ಮಾಯವಾಗುವುದಿಲ್ಲ, ಸಣ್ಣ ಹನಿಯಾಗಿ ನೀರಿನೊಳಗೆ ಇಳಿಯುತ್ತದೆ ಅಷ್ಟೆ. 1967ರ ಟೊರಿ ಕ್ಯಾನ್ಯನ್ ಸೋರಿಕೆಯಲ್ಲಿ ಸುರಿದ ಡಿಟರ್ಜೆಂಟೇ ದಡದ ಜೀವಿಗಳಿಗೆ ಎಣ್ಣೆಗಿಂತ ಜಾಸ್ತಿ ಕೇಡು ಮಾಡಿತು.

ನಮ್ಮಲ್ಲೂ ಇದರ ತಲೆನೋವು ಇದೆ. ಪಾತ್ರೆ ತೊಳೆದ ನೀರಿನಲ್ಲಿ ಪುಡಿ ಅಷ್ಟು ಚೆನ್ನಾಗಿ ಬಿಡಿಸಿಕೊಂಡಿರುತ್ತದೆ, ಎಷ್ಟು ಹೊತ್ತು ಬಿಟ್ಟರೂ ತಳಕ್ಕೆ ಕೂರುವುದಿಲ್ಲ. ಇಲ್ಲಿ ನಾನೇ ಕಟ್ಟಿದ್ದನ್ನು ನಾನೇ ಕೆಡವಬೇಕು. ಪಟಿಕ ಹಾಕಿ ಪಿಎಚ್ ಸರಿಮಾಡಿದರೆ ಅದರ ಅಲ್ಯೂಮಿನಿಯಂ ವಿದ್ಯುದಂಶವನ್ನು ಕಳೆದುಹಾಕುತ್ತದೆ, ಬಿಳಿ ಪುಡಿ ಹಿಂಜಿದ ಹತ್ತಿಯ ಹಾಗೆ ಗುಂಪಾಗಿ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕಪ್ಪು ಬಣ್ಣದ ಪುಡಿಯಾದ ಕಾರ್ಬನ್ ಬ್ಲ್ಯಾಕ್ ಮಾತ್ರ ಇಷ್ಟಕ್ಕೆ ಬಗ್ಗುವುದಿಲ್ಲ. ನಾವು ಅದನ್ನು ನಿಲ್ಲಿಸುವುದು ವಿದ್ಯುದಂಶದಿಂದಲ್ಲ, ಕಣದ ಸುತ್ತ ಉದ್ದನೆಯ ಪಾಲಿಮರ್ ಎಳೆಗಳ ಬೇಲಿ ಹಾಕಿ. ಪಟಿಕದ ಜೊತೆಗೆ ಕಣಗಳನ್ನು ಗುಂಪುಗೂಡಿಸುವ ಫ್ಲಾಕ್ಯುಲೆಂಟ್ ಕೂಡ ಬೇಕಾಗುತ್ತದೆ, ಕೂರುವುದಕ್ಕೆ ಹೊತ್ತೂ ಹಿಡಿಯುತ್ತದೆ. ಹಾಗಾಗಿ ಕಪ್ಪು ತೊಳೆದ ನೀರಿಗೆ ಬೇರೆಯೇ ಡ್ರಮ್ ಇಟ್ಟಿದ್ದೇನೆ. ಬಿಳಿಯ ಜೊತೆ ಬೆರೆಸಲು ಯಾರಿಗೂ ಬಿಡುವುದಿಲ್ಲ.